ಅಣಬೆ ಸಿಕ್ಕೀತು, ಬಾಜೂಕ ಕೂಡೋರು ಯಾರು?

ಅಕ್ಕನ ಮಗಳು ಬಾಣಂತನಕ್ಕೆಂದು ಪುಣೆಯಿಂದ ಕಲಬುರಗಿಗೆ ಬಂದಿದ್ದಳು. ಮೂರು ವಾರದ ಕೂಸು. ಮೇ ತಿಂಗಳ ಬಿಸಿಲಲ್ಲೂ ಹಸಿ ಬಾಣಂತಿಗೆ ತಂಪು ಆಗದೆಂದು ಅಕ್ಕ ಕೂಲರ್ ಬಂದ್ ಇಟ್ಟಿದ್ದಳು. ಮಧ್ಯಾಹ್ನ ಅಂಟಿನುಂಡಿ ಕೊಡಲು ಒಳಗೆ ಹೋದರೆ, ಹುಡುಗಿ ಒಂದು ಕೈಯಲ್ಲಿ ಕೂಸನ್ನು ಎದೆಗೆ ಹಿಡಿದುಕೊಂಡು ಇನ್ನೊಂದರಲ್ಲಿ ಮೊಬೈಲ್ ನನ್ನ ಕಡೆ ತಿರುಗಿಸಿದಳು.

"ಸಣ್ಣವ್ವ, ಇದು ನೋಡು. ಅಮೆರಿಕಾದಾಗ ತಾಯಂದಿರು ಅಣಬಿ ತಿಂತಾರಂತ. ಮನಸ್ಸು ಹಗುರಾಗ್ತದಂತ. ಸಾರು ಮಾಡೋ ಅಣಬಿ ಅಲ್ಲ ಮತ್ತ."

ನಾನು ನಕ್ಕೆ. ಅವಳು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಂಗ ಏನೂ ಅನಸ್ಲತ್ತಿಲ್ಲ ಸಣ್ಣವ್ವ. ಅಳೂನೂ ಬರ್ಲತ್ತಿಲ್ಲ. ಕೂಸಿನ ಮ್ಯಾಲೆ ಪ್ರೀತಿ ಬರ್ಲತ್ತಿಲ್ಲ ಅಂತ ಯಾರಿಗನಾ ಹೇಳ್ಲಾಕ ಬರ್ತದೇನು?" ಅಂದಳು.

ಆ ವಿಡಿಯೊ ಸುಳ್ಳಲ್ಲ. ಅಮೆರಿಕದಲ್ಲಿ ಇದು ಈಗ ಗುಟ್ಟಿನ ಮಾತಾಗಿಯೂ ಉಳಿದಿಲ್ಲ. ಕೊಲರಾಡೊದಲ್ಲಿ ಟ್ರೇಸಿ ಟೀ ಎಂಬಾಕೆ ಕಟ್ಟಿದ 'ಮಾಮ್ಸ್ ಆನ್ ಮಶ್ರೂಮ್ಸ್' ಎಂಬ ತಾಯಂದಿರ ಬಳಗವೇ ಇದೆ. ಮಕ್ಕಳನ್ನು ಶಾಲೆಗೆ ಕಳಿಸಿ, ಅಣಬೆಯ ಪುಡಿ ತುಂಬಿದ ಸಣ್ಣ ಕ್ಯಾಪ್ಸೂಲ್ ನುಂಗಿ, 'ಈಗ ಮಕ್ಕಳ ಮೇಲೆ ಕಿರುಚುವುದಿಲ್ಲ' ಎಂದು ಹೇಳುವ ಹೆಂಗಸರನ್ನು ಫೋನಿನಲ್ಲಿ ಯಾರೂ ನೋಡಬಹುದು. ಅಮಲು ಏರದಷ್ಟು ಕಡಿಮೆ, ಅಂದರೆ ಪೂರ್ತಿ ಡೋಸಿನ ಹತ್ತನೆಯ ಒಂದು ಪಾಲನ್ನು ಎರಡು ಮೂರು ದಿನಕ್ಕೊಮ್ಮೆ ತೆಗೆದುಕೊಳ್ಳುವ ಈ ಪದ್ಧತಿಗೆ 'ಮೈಕ್ರೊಡೋಸಿಂಗ್' ಎನ್ನುತ್ತಾರೆ. ಇದನ್ನೆಲ್ಲ ಅವರು ಕರೆಯುವುದು 'ಸೆಲ್ಫ್ ಕೇರ್' ಎಂದು.

ಈ ಸೆಲ್ಫ್ ಕೇರ್ ಅನ್ನು ಕನ್ನಡಕ್ಕೆ ತರಲು ಹೋಗಿ ನಾನು ಸಿಕ್ಕಿಬಿದ್ದೆ. 'ಸ್ವಯಂ ಆರೈಕೆ' ಎಂದು ಸರ್ಕಾರಿ ಸುತ್ತೋಲೆಯಲ್ಲಿ ಬರೆಯಬಹುದು, ಅಡುಗೆಮನೆಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ನಮ್ಮ ಮಾತಿನಲ್ಲಿ ಆರೈಕೆ ಅಂದರೆ ಇನ್ನೊಬ್ಬರು ಮಾಡುವುದು. ಬಾಣಂತಿ ತನ್ನ ಬಾಣಂತನವನ್ನು ತಾನೇ ಮಾಡಿಕೊಂಡಳು ಅಂದರೆ ಕೇಳಿದವರು 'ಅಯ್ಯೋ ಪಾಪ' ಅನ್ನುತ್ತಾರೆ. ಯಾರೂ ಇಲ್ಲದವಳ ಕಥೆ ಅದು. ಈ ಇಡೀ ವಿಷಯವನ್ನು ಓದುತ್ತ ಹೋದಂತೆ ಆ ಒಂದು ಮಾತೇ ಮತ್ತೆ ಮತ್ತೆ ಎದುರಿಗೆ ಬಂದು ನಿಂತಿತು.

ಮೊದಲು ಪದಾರ್ಥದ ವಿಚಾರ. ಆ ಅಣಬೆ ಸೈಕೆಡೆಲಿಕ್ ಎಂಬ ಗುಂಪಿಗೆ ಸೇರಿದ್ದು. ಸೈಕೆಡೆಲಿಕ್ ಎಂದರೆ ಕಾಣುವುದು, ಕೇಳುವುದು, ನಾನು ಅನ್ನುವ ಭಾವ ಎಲ್ಲವನ್ನೂ ಕೆಲವು ಗಂಟೆ ಅಲುಗಿಸಿಬಿಡುವ ವಸ್ತು. ಕೆಲವು ಜಾತಿಯ ಅಣಬೆಗಳಲ್ಲಿರುವ ಸೈಲೋಸಿಬಿನ್ ಮತ್ತು ಪ್ರಯೋಗಾಲಯದಲ್ಲಿ ಹುಟ್ಟಿದ ಎಲ್‌ಎಸ್‌ಡಿ ಇದರಲ್ಲಿ ಮುಖ್ಯ. ಪಾರ್ಟಿಗಳ ಅಮಲು ಗುಳಿಗೆ ಎಂಡಿಎಂಎ ಮತ್ತು ಅರಿವಳಿಕೆಯ ಔಷಧ ಕೆಟಮಿನ್ ಬೇರೆ ಕುಲದವು, ಆದರೂ ಚರ್ಚೆಯಲ್ಲಿ ಒಂದೇ ಪಂಕ್ತಿಗೆ ಕೂರುತ್ತವೆ. ಸ್ವಿಸ್ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿ ತಯಾರಿಸಿದ. ಅದು ಏನು ಮಾಡುತ್ತದೆಂದು ಅವನಿಗೇ ತಿಳಿದದ್ದು 1943ರಲ್ಲಿ. ಅಣಬೆಯಿಂದ ಸೈಲೋಸಿಬಿನ್ ಬೇರ್ಪಡಿಸಿದವನೂ ಅವನೇ, 1958ರಲ್ಲಿ.

ಆದರೆ ಅಣಬೆಯ ಕಥೆ ಅವನಿಗಿಂತ ಬಹಳ ಹಳೆಯದು, ಮತ್ತು ಅದರ ನಡುವೆ ಒಬ್ಬ ಹೆಂಗಸಿದ್ದಾಳೆ. ಮೆಕ್ಸಿಕೊದ ಒಆಹಾಕಾ ಪ್ರಾಂತ್ಯದ ಬೆಟ್ಟದೂರಿನ ಮರಿಯಾ ಸಬೀನಾ, ಮಾಜಾಟೆಕ್ ಬುಡಕಟ್ಟಿನ ವೈದ್ಯಗಾತಿ. ರಾತ್ರಿ ದೀಪ ಆರಿಸಿ, ಅಣಬೆ ಕೊಟ್ಟು, ಬೆಳಗಾಗುವವರೆಗೆ ಹಾಡುತ್ತ ಕಾಯಿಲೆಯವರ ಪಕ್ಕ ಕೂರುತ್ತಿದ್ದಳು. 1955ರಲ್ಲಿ ಗಾರ್ಡನ್ ವಾಸನ್ ಎಂಬ ಅಮೆರಿಕದ ಬ್ಯಾಂಕ್ ಅಧಿಕಾರಿ ಅಲ್ಲಿಗೆ ಹೋಗಿ ಅಣಬೆ ತಿಂದು, 1957ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಬರೆದ. ಆಮೇಲೆ ಬಂದ ಪರದೇಶಿ ಹಿಂಡಿಗೆ ಊರು ರೋಸಿಹೋಯಿತು. ಊರವರ ಸಿಟ್ಟು ಅವಳ ಮೇಲೆ ತಿರುಗಿ ಅವಳ ಮನೆಗೇ ಬೆಂಕಿ ಬಿತ್ತು. ವಾಸನ್ ಮೂಲಕ ಹೊರಜಗತ್ತಿಗೆ ಹೋದದ್ದು ಅಣಬೆ. ರಾತ್ರಿಯೆಲ್ಲ ಕೂತು ಹಾಡುವ ಮುದುಕಿ ಅಲ್ಲೇ ಉಳಿದಳು. 1970ರಲ್ಲಿ ಅಮೆರಿಕದ ಕಾನೂನು, 1971ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂದು ಬಾಗಿಲು ಮುಚ್ಚಿತು. ಮತ್ತೆ ಗಂಭೀರ ಸಂಶೋಧನೆ ಕಣ್ಣು ಬಿಟ್ಟದ್ದು ಈ ಶತಮಾನದಲ್ಲಿ.

ಇದು ಒಳಗೆ ಏನು ಮಾಡುತ್ತದೆ ಎಂಬುದು ಎರೆ ಹೊಲದ ದಾರಿ ಕಂಡವರಿಗೆ ಬೇಗ ತಿಳಿದೀತು. ಮಳೆಗಾಲದಲ್ಲಿ ಬಂಡಿ ಹೋದ ಜಾಡು ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಆಮೇಲೆ ಯಾವ ಬಂಡಿ ಬಂದರೂ ಗಾಲಿ ಅದೇ ಜಾಡಿಗೆ ಇಳಿಯುತ್ತದೆ, ಎತ್ತು ಎಷ್ಟು ಎಳೆದರೂ ಪಕ್ಕಕ್ಕೆ ಬರುವುದಿಲ್ಲ. ಖಿನ್ನತೆಯಲ್ಲಿ ಮನಸ್ಸಿನ ಗತಿ ಇದು: ನಾನು ಕೆಟ್ಟ ತಾಯಿ, ನನ್ನಿಂದ ಆಗದು, ನಾನಿಲ್ಲದಿದ್ದರೇ ಒಳ್ಳೆಯದಿತ್ತು. ಸೈಲೋಸಿಬಿನ್ ಮೈಯೊಳಗೆ ಸೈಲೋಸಿನ್ ಆಗಿ, ಮಿದುಳಿನ ಸಿರೊಟೋನಿನ್ ಗ್ರಾಹಕಗಳಲ್ಲಿ ಒಂದು ಬಗೆಯದನ್ನು ಹಿಡಿದುಕೊಂಡು, ಆ ನೆಲಕ್ಕೆ ಒಂದು ಮಳೆ ಸುರಿಸುತ್ತದೆ. ಜಾಡು ಮೆತ್ತಗಾಗುತ್ತದೆ. ಹೊಸ ದಾರಿ ಹಿಡಿಯಲು ಸಾಧ್ಯವಾಗುತ್ತದೆ. ಆದರೆ ಹಸಿ ಎರೆಯಲ್ಲಿ ಬಂಡಿ ಅಚ್ಚಿನವರೆಗೆ ಹೂತುಹೋಗುವುದನ್ನೂ ನಾವು ಕಂಡಿದ್ದೇವೆ. ಮಳೆ ಬಿದ್ದ ದಿನ ಮುಂದೆ ನಡೆದು ಹಗ್ಗ ಹಿಡಿಯುವವನು ಯಾರು ಎಂಬುದರ ಮೇಲೆ ಎಲ್ಲ ನಿಂತಿದೆ.

ಸಂಶೋಧನೆ ಏನು ಹೇಳುತ್ತದೆ? 2022ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಮಾಮೂಲು ಔಷಧಕ್ಕೆ ಬಗ್ಗದ ಖಿನ್ನತೆ ಇದ್ದ 233 ಜನರಿದ್ದರು. 25 ಮಿಲಿಗ್ರಾಂ ಸೈಲೋಸಿಬಿನ್ ಒಂದೇ ಸಲ ತೆಗೆದುಕೊಂಡವರಲ್ಲಿ ಮೂರು ವಾರಕ್ಕೆ ಶೇ 37ರಷ್ಟು ಜನಕ್ಕೆ ಗಣನೀಯವಾಗಿ ಗುಣ ಕಂಡಿತು. ಹೆಸರಿಗೆ ಮಾತ್ರ 1 ಮಿಲಿಗ್ರಾಂ ಕೊಟ್ಟವರಲ್ಲಿ ಶೇ 18. ಹನ್ನೆರಡು ವಾರದ ಹೊತ್ತಿಗೆ ಗುಣ ಉಳಿಸಿಕೊಂಡವರು ಶೇ 20ರ ಆಸುಪಾಸು. ಇದು ಸಣ್ಣ ಸಂಗತಿಯಲ್ಲ, ಪವಾಡವೂ ಅಲ್ಲ. ಗುಂಪುಗಳಲ್ಲಿ ಕೆಲವರಿಗೆ ಆತ್ಮಹತ್ಯೆಯ ಯೋಚನೆ ಬಂದದ್ದೂ ದಾಖಲಾಗಿದೆ. ಇನ್ನೊಂದು ತೊಡಕು ಪರೀಕ್ಷೆಯ ಬುಡದಲ್ಲೇ ಇದೆ: ಗೋಡೆ ಉಸಿರಾಡುವುದನ್ನು ಕಂಡವನಿಗೆ ತನಗೆ ಸಿಕ್ಕಿದ್ದು ಖರೆ ಔಷಧವೋ ಸಕ್ಕರೆ ಗುಳಿಗೆಯೋ ಎಂದು ಹೇಳಿಕೊಡಬೇಕಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಎಂಡಿಎಂಎ ಚಿಕಿತ್ಸೆಗೆ ಒಪ್ಪಿಗೆ ಕೊಡದೆ ಹಿಂದಕ್ಕೆ ಕಳಿಸಿದಾಗ ಈ ಅನುಮಾನವೂ ಚರ್ಚೆಯಲ್ಲಿತ್ತು. ಆಸ್ಟ್ರೇಲಿಯಾ 2023ರ ಜುಲೈನಿಂದಲೇ ಗೊತ್ತುಪಡಿಸಿದ ಮನೋವೈದ್ಯರಿಗೆ ಸೈಲೋಸಿಬಿನ್, ಎಂಡಿಎಂಎ ಎರಡನ್ನೂ ಬರೆಯಲು ಬಿಟ್ಟಿದೆ.

ಇನ್ನು ತಾಯಂದಿರು ಫೋನಿನಲ್ಲಿ ಹೊಗಳುವ ಮೈಕ್ರೊಡೋಸ್. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2021ರಲ್ಲಿ ಇದಕ್ಕೊಂದು ಜಾಣ ಪರೀಕ್ಷೆ ಕಟ್ಟಿದರು. ಮನೆಯಲ್ಲೇ ಇದನ್ನು ತೆಗೆದುಕೊಳ್ಳುತ್ತಿದ್ದ 191 ಜನ ತಾವೇ ಕ್ಯಾಪ್ಸೂಲ್ ತುಂಬಿ, ಕಲೆಸಿ, ಯಾವುದರಲ್ಲಿ ಏನಿದೆ ಎಂದು ತಮಗೇ ಗೊತ್ತಾಗದಂತೆ ನುಂಗಿದರು. ಖರೆ ತೆಗೆದುಕೊಂಡವರ ಮನಸ್ಸು ಸುಧಾರಿಸಿತು. ಖಾಲಿ ಕ್ಯಾಪ್ಸೂಲ್ ನುಂಗಿದವರದ್ದೂ ಹೆಚ್ಚುಕಡಿಮೆ ಅಷ್ಟೇ ಸುಧಾರಿಸಿತು. ದಿನದಲ್ಲಿ ಒಂದು ಗಳಿಗೆ 'ಇದು ನನಗಾಗಿ' ಎಂದು ಕುಳಿತದ್ದಕ್ಕೇ ಆ ಗುಣ ಬಂತೇನೋ, ನನಗೆ ಹಾಗೆ ಅನ್ನಿಸುತ್ತದೆ. ಅದನ್ನು ಸಾಬೀತು ಮಾಡಿದ್ದೇನೆಂದು ಹೇಳಲಾರೆ.

ಇವೆಲ್ಲದರಲ್ಲೂ ಬಾಣಂತಿ ಎಲ್ಲಿದ್ದಾಳೆ? ಬಹುತೇಕ ಎಲ್ಲೂ ಇಲ್ಲ. ಬಸುರಿಯರನ್ನೂ ಹಾಲೂಡಿಸುವವರನ್ನೂ ಇಂಥ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಎದೆಹಾಲಿಗೆ ಎಷ್ಟು ಇಳಿಯುತ್ತದೆ, ಕೂಸಿಗೆ ಏನು ಮಾಡುತ್ತದೆ ಎಂಬುದಕ್ಕೆ ನೆಚ್ಚಿಕೊಳ್ಳುವಂಥ ಲೆಕ್ಕವಿಲ್ಲ. ಈಚೆಗಷ್ಟೇ ಆರ್‌ಇ104 ಎಂಬ, ಅಣಬೆಯ ಅಂಶಕ್ಕೆ ನಂಟಿರುವ ಚುಚ್ಚುಮದ್ದನ್ನು ಬಾಣಂತಿಯರ ಖಿನ್ನತೆಗೆಂದೇ ಎರಡನೆಯ ಹಂತದವರೆಗೆ ಪರೀಕ್ಷಿಸಿದ್ದಾರೆ. ಅಮಲಿನ ಹೊತ್ತು ಅರ್ಧಕ್ಕೆ ಇಳಿಯಲಿ, ತಾಯಿ ಬೇಗ ಮನೆಗೆ ಹೋಗಲಿ ಎಂಬುದು ಅದರ ಹಂಚಿಕೆ. ಅಂದರೆ ಫೋನಿನಲ್ಲಿ ಕಾಣುವ ತಾಯಂದಿರು ಯಾವುದನ್ನು 'ವಿಜ್ಞಾನ ಸಿದ್ಧ ಮಾಡಿದೆ' ಅನ್ನುತ್ತಾರೋ ಆ ವಿಜ್ಞಾನ ಅವರಂಥವರನ್ನು ಹೊರಗೆ ನಿಲ್ಲಿಸಿಯೇ ನಡೆದದ್ದು.

ನಮ್ಮಲ್ಲಿ 'ಬಾಣಂತಿ ಸನ್ನಿ' ಎಂಬ ಮಾತಿದೆ. ಹಳಬರು ನಂಜಿನ ಜ್ವರದ ತಲೆಕೆಡುವಿಕೆಯನ್ನೂ ಅದರಲ್ಲೇ ಸೇರಿಸುತ್ತಿದ್ದರು. ಜ್ವರ ಬಿಟ್ಟರೆ ಉಳಿಯುವುದನ್ನು ವೈದ್ಯರು ಹೆರಿಗೆ ನಂತರದ ಸೈಕೋಸಿಸ್ ಎನ್ನುತ್ತಾರೆ. ಸಾವಿರ ಹೆರಿಗೆಗೆ ಒಂದೆರಡು, ಹೆಚ್ಚಾಗಿ ಮೊದಲ ಎರಡು ವಾರದೊಳಗೆ. ನಿದ್ದೆ ಹೋಗುತ್ತದೆ, ಮಾತು ಅಡ್ಡಾದಿಡ್ಡಿ, ಕೂಸಿನ ಬಗ್ಗೆ ವಿಚಿತ್ರ ಅನುಮಾನ. ಹೆಂಗಸಿನ ಇಡೀ ಆಯುಷ್ಯದಲ್ಲಿ ಇಂಥ ಕಾಯಿಲೆಗೆ ಬಾಗಿಲು ಅತಿ ಸಡಿಲವಾಗಿರುವ ಕಾಲ ಅದು. ಸೈಕೆಡೆಲಿಕ್ ಪರೀಕ್ಷೆಗಳು ಮೊದಲು ಜರಡಿ ಹಿಡಿದು ಹೊರಗಿಡುವುದೂ ಸೈಕೋಸಿಸ್ ಅಥವಾ ಬೈಪೋಲಾರ್ (ಮನಸ್ಸು ಅತಿ ಏರಿ ಅತಿ ಇಳಿಯುವ ಕಾಯಿಲೆ) ಇರುವವರನ್ನು, ಮನೆತನದಲ್ಲಿ ಅದು ಬಂದವರನ್ನು. ನಮ್ಮ ಮನೆಗಳಲ್ಲಿ ಆ ಚರಿತ್ರೆ ಯಾರಿಗೆ ಗೊತ್ತಿದೆ? 'ನಿಮ್ಮ ಸೋದರತ್ತಿಗೆ ಗಾಳಿ ಸೋಕಿತ್ತು' ಎಂದಷ್ಟೇ ಹೇಳಿ ಮುಗಿಸಿರುತ್ತಾರೆ. ಅದು ಗಾಳಿಯೋ ಬೈಪೋಲಾರೋ ಕೇಳುವವರಿಲ್ಲ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರು ಸೈಕೆಡೆಲಿಕ್ ಮುಟ್ಟಿದರೆ ಫಿಟ್ಸ್ ಬಂದ ಉದಾಹರಣೆಗಳಿವೆ. ಅಣಬೆಯನ್ನು ಅಣಬೆಯಿಂದ ಬೇರ್ಪಡಿಸಿ ಗುರುತಿಸುವುದೂ ಸುಲಭವಲ್ಲ. ಲಿವರ್ ಕರಗಿಸಿಬಿಡುವ ಜಾತಿಗಳೂ ಕೊಡೆ ಬಿಚ್ಚಿಕೊಂಡೇ ನಿಂತಿರುತ್ತವೆ.

ಕಾನೂನಿನ ಮಾತು ಚಿಕ್ಕದು. ನಮ್ಮ ದೇಶದ 1985ರ ಮಾದಕ ವಸ್ತು (ಎನ್‌ಡಿಪಿಎಸ್) ಕಾಯ್ದೆಯ ಪಟ್ಟಿಯಲ್ಲಿ ಸೈಲೋಸಿಬಿನ್, ಎಲ್‌ಎಸ್‌ಡಿ, ಎಂಡಿಎಂಎ ಮೂರೂ ಇವೆ. ಇಟ್ಟುಕೊಂಡರೂ ತಪ್ಪು, ತಿಂದರೂ ತಪ್ಪು. ಎಲ್‌ಎಸ್‌ಡಿಯಲ್ಲಿ 0.002 ಗ್ರಾಂವರೆಗೆ 'ಸಣ್ಣ ಪ್ರಮಾಣ', ಒಂದು ಸಾಸಿವೆ ಕಾಳಿನ ತೂಕ. 0.1 ಗ್ರಾಂ ದಾಟಿದರೆ ವ್ಯಾಪಾರದ ಪ್ರಮಾಣ, ಹತ್ತು ವರ್ಷದಿಂದ ಇಪ್ಪತ್ತು ವರ್ಷ ಜೈಲು. ಕೇರಳ ಹೈಕೋರ್ಟ್ 2025ರ ಜನವರಿಯಲ್ಲಿ ಜಾಮೀನು ಅರ್ಜಿಯೊಂದರಲ್ಲಿ, ಇಡೀ ಅಣಬೆಯನ್ನು ಮಾದಕದ ಮಿಶ್ರಣವೆಂದು ತೂಗಲಾಗದು ಎಂದಿತು. 'ಅಣಬೆಗೆ ಕೇಸಿಲ್ಲ' ಎಂದು ಅದನ್ನು ಓದಿಕೊಂಡವರಿದ್ದಾರೆ. ಕೋರ್ಟು ಹೇಳಿದ್ದು ತೂಕದ ಲೆಕ್ಕ, ತಿನ್ನಲು ಅಪ್ಪಣೆಯಲ್ಲ.

ಹಾಗಂತ ಮನಸ್ಸು ತಿರುಗಿಸುವ ಪದಾರ್ಥ ನಮ್ಮ ನಾಡಿಗೆ ಹೊಸದು ಎಂದರೆ ನಗೆಪಾಟಲು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುತ್ತದೆ ಎಂಬುದು 2020ರಲ್ಲಿ ದೇಶದ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು, ಇಲ್ಲಿನವರಿಗೆ ಅದು ಸುದ್ದಿಯೇ ಆಗಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಕಲಬುರಗಿ ಜಿಲ್ಲೆಯ ಕುರಿ ಸಾಕಣೆ ಶೆಡ್ಡಿನ ನೆಲ ಅಗೆದು 1,300 ಕಿಲೊಗೂ ಹೆಚ್ಚು ಗಾಂಜಾ ತೆಗೆದರು. ಶರಣರ, ಅವಧೂತರ, ಆರೂಢರ ಮಠದ ಕಟ್ಟೆಯ ಮೇಲೆ ಚಿಲುಮೆ ಹೊಸದಲ್ಲ. ಹಾಳು ಜಾಗದಲ್ಲಿ ಬೆಳೆಯುವ ಉಮ್ಮತ್ತಿಯೂ ಇದೆ. ಅದರ ಬೀಜ ತಲೆಗೇರಿಸುವುದು ಬೇರೆ ತೆರನ ವಿಷ, ಅದರಲ್ಲಿ ಬರುವುದು ಅರಿವಲ್ಲ, ಬರೀ ಬಡಬಡಿಕೆ ಮತ್ತು ಎದೆಬಡಿತ. ಅದನ್ನೂ ಇದನ್ನೂ 'ನ್ಯಾಚುರಲ್' ಎಂದು ಒಂದೇ ಬುಟ್ಟಿಗೆ ಹಾಕುವ ಪೋಸ್ಟುಗಳಿವೆ, ಅವನ್ನು ಬರೆಯುವವರ ಕಪಾಳಕ್ಕೆ ಹಾಕಬೇಕು. ನಾನು ಗಮನಿಸಿದ್ದು ಇನ್ನೊಂದು: ಗಂಡಸಿನ ಅಮಲಿಗೆ ಊರಲ್ಲಿ ಜಾಗ ಇದೆ, ಕಟ್ಟೆ ಇದೆ, ದೇವರ ಹೆಸರೂ ಇದೆ. ಹೆಂಗಸಿಗೆ ಮನಸ್ಸಿನ ಹಗ್ಗ ಸಡಿಲ ಬಿಡಲು ಏನಿದೆ?

ದತ್ತಾತ್ರೇಯನ ಗಾಣಗಾಪುರ ಇದೆ. ಭೀಮಾ ಅಮರ್ಜಾ ಸಂಗಮ, ನಿರ್ಗುಣ ಪಾದುಕೆ, ಮಧ್ಯಾಹ್ನದ ಆರತಿಯ ಹೊತ್ತಿಗೆ ಕೂದಲು ಬಿಚ್ಚಿ ಕಂಬ ಹಿಡಿದು ಚೀರುವ ಹೆಂಗಸರು. ಹುಡುಗಿಯಾಗಿದ್ದಾಗ ಮೊದಲ ಸಲ ನೋಡಿ ಹೆದರಿ ಅವ್ವನ ಸೆರಗಲ್ಲಿ ಮುಖ ಮುಚ್ಚಿದ್ದೆ. ಈಗ ನೆನಪಾಗುವುದು ಚೀರಿದವಳಲ್ಲ, ಅವಳ ಬಾಜೂಕ ಕೂತಿದ್ದ ಅತ್ತೆಯೋ ತಾಯಿಯೋ. ಕೈಯಲ್ಲಿ ನೀರಿನ ತಂಬಿಗೆ. ಚೀರು ಮುಗಿದ ಮೇಲೆ ಕೂದಲು ಕಟ್ಟಿ, ಮುಖ ಒರೆಸಿ, ಚಹಾ ಕುಡಿಸಿ ಕರೆದುಕೊಂಡು ಹೋದರು. ಅಲ್ಲಿಗೆ ಬಂದವರಲ್ಲಿ ಔಷಧ ಬೇಕಾದವರಿದ್ದರು, ಔಷಧ ಸಿಗದೆ ವರ್ಷಗಟ್ಟಲೆ ಕಂಬ ಹಿಡಿದವರೂ ಇದ್ದಾರೆ. ಅದನ್ನು ಸಿಂಗರಿಸಿ ಹೇಳುವ ಆಸೆ ನನಗಿಲ್ಲ. ಆದರೆ ಚೀರಲು ಒಂದು ಜಾಗ, ಒಂದು ಹೊತ್ತು, ಒಬ್ಬ ಜೊತೆಗಾತಿ, ಮುಗಿದ ಮೇಲೆ ನಾಚಿಕೆಯಿಲ್ಲದೆ ಮನೆಗೆ ಮರಳುವ ದಾರಿ, ಇಷ್ಟೂ ಅಲ್ಲಿತ್ತು.

ಇದನ್ನು ಹೇಳುವುದಕ್ಕೆ ಕಾರಣವಿದೆ. ಸೈಲೋಸಿಬಿನ್ ಪರೀಕ್ಷೆಯ ಒಂದು ದಿನ ಹೇಗಿರುತ್ತದೆ ಎಂದು ಬಿಡಿಸಿ ನೋಡಿ. ಮುಂಚೆ ಹಲವು ಗಂಟೆ ಮಾತುಕತೆ. ಅವತ್ತು ಮಂದ ಬೆಳಕಿನ ಕೋಣೆ, ಮಂಚ, ಕಣ್ಣಿಗೆ ಪಟ್ಟಿ, ಸಂಗೀತ. ಆರರಿಂದ ಎಂಟು ಗಂಟೆ ಹೊತ್ತು ತರಬೇತಾದವರು, ಹಲವು ಕಡೆ ಇಬ್ಬಿಬ್ಬರು, ಎದ್ದುಹೋಗದೆ ಪಕ್ಕದಲ್ಲಿ ಕೂತಿರುತ್ತಾರೆ. ಅತ್ತರೆ ಕೈ ಹಿಡಿಯುತ್ತಾರೆ, ಹೆದರಿದರೆ 'ಇದು ಹೋಗುತ್ತದೆ' ಅನ್ನುತ್ತಾರೆ. ಮರುದಿನದಿಂದ ಕಂಡದ್ದನ್ನು ಬದುಕಿಗೆ ಹೊಲಿಯುವ ಮಾತುಕತೆ ಮತ್ತೆ. ಸಂಶೋಧಕರು ಇದಕ್ಕೆ 'ಸೆಟ್ ಅಂಡ್ ಸೆಟ್ಟಿಂಗ್' ಎಂದು ಹೆಸರಿಟ್ಟಿದ್ದಾರೆ, ಹೋಗುವವರ ಮನಸ್ಸು ಮತ್ತು ಕೂರಿಸುವ ಜಾಗ. ಅಮೆರಿಕದ ಓರೆಗಾನ್ ರಾಜ್ಯದಲ್ಲಿ 2020ರ ಜನಮತದ ನಂತರ ತೆರೆದ ಕೇಂದ್ರಗಳಲ್ಲಿ ಒಂದು ಸಲಕ್ಕೆ ಸಾವಿರ ಡಾಲರಿಗೂ ಹೆಚ್ಚು ಖರ್ಚಾಗುವುದುಂಟು. ಆ ದುಡ್ಡಿನಲ್ಲಿ ಅಣಬೆಯ ಪಾಲು ಸಣ್ಣದು. ದೊಡ್ಡ ಖರ್ಚು ಪಕ್ಕದಲ್ಲಿ ಕೂತವರ ಹೊತ್ತಿನದು. ಮತ್ತು ಕೂತವರನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ ಎಂಬುದಕ್ಕೂ ಸಾಕ್ಷಿ ಇದೆ: ಕೆನಡಾದಲ್ಲಿ ನಡೆದ ಎಂಡಿಎಂಎ ಪರೀಕ್ಷೆಯೊಂದರಲ್ಲಿ ಚಿಕಿತ್ಸಕರು ಔಷಧದ ಮಂಪರಿನಲ್ಲಿದ್ದ ಹೆಂಗಸಿನ ಮೈಮೇಲೆ ಎಲ್ಲೆ ಮೀರಿದ್ದು ವಿಡಿಯೊದಲ್ಲೇ ಸಿಕ್ಕಿತು.

ಫೋನಿನ ಮೂಲಕ ಕಲಬುರಗಿಯ ಹಸಿ ಬಾಣಂತಿಯ ಹಾಸಿಗೆಗೆ ಬಂದು ಮುಟ್ಟಿದ್ದು ಇದರಲ್ಲಿ ಯಾವುದು? ಕ್ಯಾಪ್ಸೂಲು ಮಾತ್ರ. ಕೋಣೆ ಬರಲಿಲ್ಲ, ಇಬ್ಬರು ಬರಲಿಲ್ಲ, ಎಂಟು ಗಂಟೆ ಬರಲಿಲ್ಲ. ಮರಿಯಾ ಸಬೀನಾಳಿಂದ ವಾಸನ್ ಒಯ್ದದ್ದೂ ಇಷ್ಟೇ ಇತ್ತು.

ಬಾಣಂತನ ಎಂಬ ಏರ್ಪಾಡಿನಲ್ಲಿ ಇವೆಲ್ಲ ಒಂದು ಬಗೆಯಲ್ಲಿ ಇದ್ದವು. ಕತ್ತಲೆ ಕೋಣೆ, ಹೊರಸು, ಕೆಳಗೆ ಕೆಂಡ. ದಿನಾ ಎಣ್ಣೆ ತಿಕ್ಕಿ ಸುಡುನೀರು ಎರೆಯುವ ಮುದುಕಿ, ಅವಳ ಬಾಯಲ್ಲಿ ಊರ ಸುದ್ದಿ. ಮೈ ತಿಕ್ಕುತ್ತಲೇ ಅವಳು 'ಯಾಕವ್ವ, ಮಾರಿ ಸಣ್ಣ ಆಗ್ಯಾದ?' ಎಂದು ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಲೂ ಇದ್ದಳು. ಆದರೆ ಅದೇ ಕೋಣೆಯಲ್ಲಿ ನೀರು ಕುಡಿಯಲು ಬಿಡದವರಿದ್ದರು, ಎರಡನೆಯದೂ ಹೆಣ್ಣಾಯಿತೆಂದು ಐದನೇ ದಿನಕ್ಕೇ ಮುಖ ತಿರುಗಿಸಿದವರಿದ್ದರು. ನನ್ನ ಬಾಣಂತನದಲ್ಲಿ ನಾನು ಅತ್ತದ್ದು ಒಂಟಿತನಕ್ಕಲ್ಲ, ಒಂದು ಗಳಿಗೆಯೂ ಒಂಟಿಯಾಗಿ ಬಿಡದ್ದಕ್ಕೆ. ನನ್ನ ಅಕ್ಕನ ಮಗಳದ್ದು ತಿರುಗಾಮುರುಗಾ. ಅವಳಿಗೆ 26 ವಾರ ಸಂಬಳದ ರಜೆ ಇದೆ, ಎಸಿ ಕೋಣೆಯ ಆಸ್ಪತ್ರೆ ಸಿಕ್ಕಿತು, ಅಮೆಜಾನ್‌ನಲ್ಲಿ ಅಂಟಿನುಂಡಿಯೂ ಬಂತು. ಎರೆಯಲು ಬರುವ ಮುದುಕಿ ಮಾತ್ರ ಸಿಗಲಿಲ್ಲ. ಅಕ್ಕನಿಗೆ ಮಂಡಿನೋವು. ಗಂಡ ರಾತ್ರಿ ಒಂಬತ್ತಕ್ಕೆ ವಿಡಿಯೊ ಕಾಲ್ ಮಾಡಿ ಕೂಸನ್ನು ತೋರಿಸೆನ್ನುತ್ತಾನೆ.

ಇನ್ನು ಇದೇ ಊರಿನ ದಾಲ್ ಮಿಲ್ಲಿನಲ್ಲಿ ತೊಗರಿ ಹಸನು ಮಾಡುವವಳು, ಯಾದಗಿರಿಯಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡದ ಕೆಳಗೆ ಸೀರೆಯ ಜೋಳಿಗೆಯಲ್ಲಿ ಕೂಸು ತೂಗುವವಳು, ಇವರಿಗೆ ಸೆಲ್ಫ್ ಕೇರ್ ಎಂಬ ಮಾತು ತಲುಪಿಲ್ಲ. ಖಿನ್ನತೆ ತಲುಪಿದೆ. ಭಾರತದ 38 ಅಧ್ಯಯನಗಳನ್ನು, 20,043 ತಾಯಂದಿರನ್ನು ಒಟ್ಟು ಮಾಡಿ ನೋಡಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆ ಕೊಟ್ಟ ಲೆಕ್ಕ ಶೇ 22, ಹತ್ತಿರ ಹತ್ತಿರ ಐದರಲ್ಲಿ ಒಬ್ಬಳು. ಹೆರಿಗೆಯಾದ ವಾರದಲ್ಲಿ ಕಾರಣವಿಲ್ಲದೆ ಕಣ್ಣೀರು ಬರುವುದು ಬೇರೆ, ಅದು ಬಹಳ ಜನಕ್ಕೆ ಬಂದು ಎರಡು ವಾರದಲ್ಲಿ ಹೋಗುತ್ತದೆ. ಈ ಶೇ 22 ಹೋಗದೆ ಉಳಿಯುವಂಥದ್ದು.

ತಾಯಂದಿರ ದಣಿವಿಗೆ ಗುಳಿಗೆ ಹುಡುಕುವುದೂ ಹಳೆಯ ಚಾಳಿ. 1963ರಲ್ಲಿ ವ್ಯಾಲಿಯಂ ಬಂತು. 1969ರಿಂದ 1982ರವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಬರೆಯಲಾದ ಔಷಧ ಅದೇ, ಅದೂ ಹೆಚ್ಚಾಗಿ ಹೆಂಗಸರಿಗೆ. ಮನೆಯ ಕೆಲಸ ಹಂಚಿಕೊಳ್ಳುವುದಕ್ಕಿಂತ ಗುಳಿಗೆ ಕೊಡುವುದು ಅಗ್ಗವಾಗಿತ್ತು. ಆಮೇಲೆ ಚಟ ಹತ್ತಿದ್ದಕ್ಕೆ ಬೈಸಿಕೊಂಡವಳೂ ಅವಳೇ. ಅಣಬೆಯ ತಾಯಂದಿರ ಬಗ್ಗೆ ಓದುವಾಗ ನನಗೆ ಕಾಡುವುದು ಇದು: 'ಈಗ ನಾನು ಸಿಟ್ಟಾಗುವುದಿಲ್ಲ' ಎಂಬುದೇ ಅವರ ಮುಖ್ಯ ಜಾಹೀರಾತು. ಸಿಟ್ಟು ಯಾಕೆ ಬರುತ್ತಿತ್ತು, ಅದು ನ್ಯಾಯದ ಸಿಟ್ಟಾಗಿತ್ತೇ ಎಂದು ಕೇಳಿದ್ದು ಕಾಣಲಿಲ್ಲ.

ಹಾಗಾದರೆ ಮದ್ದೇ ಬೇಡವೇ? ಬೇಕು. ಹಾಲೂಡಿಸುವವರಿಗೂ ವೈದ್ಯರು ಕೊಡಬಲ್ಲ, ಸರ್ಟ್ರಲಿನ್‌ನಂಥ ಹಳೆಯ ಅಗ್ಗದ ಗುಳಿಗೆಗಳಿವೆ. ಅಮೆರಿಕದಲ್ಲಿ 2023ರ ಆಗಸ್ಟ್‌ನಲ್ಲಿ ಬಾಣಂತಿಯರ ಖಿನ್ನತೆಗೆಂದೇ ಜುರನೊಲೋನ್ ಎಂಬ 14 ದಿನದ ಗುಳಿಗೆಗೆ ಒಪ್ಪಿಗೆ ಸಿಕ್ಕಿದೆ. ಇನ್ನೊಂದು ಸುದ್ದಿ ನಮಗೆ ಹತ್ತಿರದ್ದು. ಕೆಟಮಿನ್ ನಮ್ಮ ಆಸ್ಪತ್ರೆಗಳ ಆಪರೇಷನ್ ಕೋಣೆಯಲ್ಲಿ ಅರಿವಳಿಕೆಗೆಂದು ಮೊದಲಿಂದಲೂ ಇರುವ ಔಷಧ. ಅದರ ನಂಟಿನ ಎಸ್‌ಕೆಟಮಿನ್ ಅನ್ನು ಚೀನಾದ ಐದು ಆಸ್ಪತ್ರೆಗಳಲ್ಲಿ, ಬಸುರಿನಲ್ಲೇ ಮನಸ್ಸು ಕುಗ್ಗಿದ್ದ 364 ಹೆಂಗಸರ ಪೈಕಿ ಅರ್ಧದಷ್ಟು ಜನಕ್ಕೆ ಹೆರಿಗೆಯಾದ ಕೂಡಲೇ ಒಂದೇ ಒಂದು ಸಣ್ಣ ಡೋಸ್ ಕೊಟ್ಟರು. 42ನೇ ದಿನಕ್ಕೆ ತೀವ್ರ ಖಿನ್ನತೆ ಕಂಡದ್ದು ಅವರಲ್ಲಿ ಶೇ 6.7, ಕೊಡದವರಲ್ಲಿ ಶೇ 25.4. 2024ರಲ್ಲಿ ಪ್ರಕಟವಾದ ಇದು ಆಸ್ಪತ್ರೆಯೊಳಗೆ, ಅರಿವಳಿಕೆ ವೈದ್ಯರ ಕಣ್ಣೆದುರು ನಡೆದದ್ದು. ಅದನ್ನು ಮನೆಯ ಕಪಾಟಿಗೆ ತರುವಂತಿಲ್ಲ.

ಆದರೆ ನನ್ನನ್ನು ಅಲುಗಿಸಿದ್ದು ಯಾವ ಮದ್ದೂ ಇಲ್ಲದ ಒಂದು ಪರೀಕ್ಷೆ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಮನೋವೈದ್ಯ ಆತಿಫ್ ರಹಮಾನ್ ಮತ್ತು ಜೊತೆಗಾರರು ಖಿನ್ನತೆಯಿದ್ದ 903 ಬಸುರಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಮನೆಗೆ ಅಲ್ಲಿನ ಆರೋಗ್ಯ ಕಾರ್ಯಕರ್ತೆಯರು, ನಮ್ಮ ಆಶಾಗಳಂಥವರೇ, ಮಾಮೂಲಿನಂತೆ ಹೋದರು. ಇನ್ನೊಂದು ಗುಂಪಿಗೆ ಹೋದವರಿಗೆ ಮನಸ್ಸಿನ ಬಗ್ಗೆ ಹೇಗೆ ಕೇಳಬೇಕು, ಕೆಟ್ಟ ಯೋಚನೆಯ ಜಾಡು ಹೇಗೆ ತಪ್ಪಿಸಬೇಕು ಎಂದು ಸ್ವಲ್ಪ ತರಬೇತಿ ಕೊಟ್ಟಿದ್ದರು. ಹದಿನಾರು ಸಲ ಹೋದರು. ಕೂಸಿಗೆ ಆರು ತಿಂಗಳಾಗುವ ಹೊತ್ತಿಗೆ ಖಿನ್ನತೆ ಉಳಿದದ್ದು ಮೊದಲ ಗುಂಪಿನಲ್ಲಿ ಶೇ 53, ಎರಡನೆಯದರಲ್ಲಿ ಶೇ 23. 2008ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಫಲಿತಾಂಶ ಇದು. ಮನೋವೈದ್ಯೆಯಲ್ಲ, ಪದವೀಧರೆಯಾಗಿರಲೇಬೇಕೆಂದೂ ಇಲ್ಲ, ಊರಿನ ಹೆಂಗಸು. ಬಂದಳು, ಕೂತಳು, ಕೇಳಿದಳು.

ನಮ್ಮಲ್ಲಿ ಆ ಹೆಂಗಸು ಈಗಾಗಲೇ ಬಾಗಿಲಿಗೆ ಬರುತ್ತಿದ್ದಾಳೆ. ಆಸ್ಪತ್ರೆ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೀಗೆ ಆರು ಸಲ ಬರಬೇಕು. ಅವಳ ಫಾರ್ಮಿನಲ್ಲಿ ಕೂಸಿನ ತೂಕ, ಹೊಕ್ಕುಳು, ತಾಯಿಯ ಜ್ವರ, ರಕ್ತಸ್ರಾವ ಎಲ್ಲ ಇದೆ. ತಾಯಿ ಅಸಂಬದ್ಧ ಮಾತಾಡುತ್ತಾಳೆಯೇ, ಫಿಟ್ಸ್ ಬರುತ್ತದೆಯೇ ಎಂದೂ ಇದೆ. ಗದ್ದಲ ಮಾಡುವ ಕಾಯಿಲೆಗೆ ಅಲ್ಲಿ ಒಂದು ಕಾಲಂ ಇದೆ, ಸುಮ್ಮನೆ ಗೋಡೆ ನೋಡುತ್ತ ಕೂತವಳಿಗೆ ಇಲ್ಲ. ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರೊ ಪ್ರಶ್ನಾವಳಿ ಎಂಬುದು 1987ರಿಂದ ಇದೆ, ಹತ್ತೇ ಪ್ರಶ್ನೆ, ಐದು ನಿಮಿಷದ ಕೆಲಸ. ನಗು ಬರುತ್ತದೆಯೇ, ಸುಮ್ಮಸುಮ್ಮನೆ ನಿಮ್ಮನ್ನೇ ಬೈದುಕೊಳ್ಳುತ್ತೀರಾ, ನಿದ್ದೆ, ಅಳು, ಕೊನೆಯದು ಜೀವ ತೆಗೆದುಕೊಳ್ಳುವ ಯೋಚನೆ. ಕನ್ನಡದ ಹಳ್ಳಿಯ ಹೆಂಗಸರಲ್ಲೂ ಅದನ್ನು ಪರೀಕ್ಷಿಸಿ ನೋಡಿದ್ದಾರೆ. ಇಷ್ಟು ವರ್ಷವಾದರೂ ಅದು ಆಶಾದವರ ಫಾರ್ಮಿನೊಳಗೆ ಬಂದು ಕೂತಿಲ್ಲ. ಆಶಾದವರ ಮೇಲೆ ಇನ್ನೊಂದು ಹೊರೆ ಹಾಕಿ ಎಂದು ಹೇಳುವುದೂ ಸುಲಭವಲ್ಲ. ಗೌರವಧನಕ್ಕಾಗಿ ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಲಗಿ, ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಎದ್ದು ಬಂದವರು. ಕೂತು ಕೇಳುವುದು ಕೆಲಸ ಅನ್ನುವುದಾದರೆ ಅದಕ್ಕೆ ಕೂಲಿ ಕೊಡಬೇಕು.

ಈಗಲೇ ಬೇಕಾದವರಿಗೆ: 14416 ಟೆಲಿಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆತರುವ 'ಮನೋಚೈತನ್ಯ' ಯೋಜನೆ 2014ರದು. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳೆಂದರೆ ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಒಳಗೆ ಇಟ್ಟುಕೊಂಡು ನೋಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಕಲಬುರಗಿಯಿಂದ ಅಲ್ಲಿಗೆ ಒಂದು ರಾತ್ರಿಯ ರೈಲು. ಮೂರು ವರ್ಷದೊಳಗಿನ ಕೂಸನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಅಗಲಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. 'ಆಸ್ಪತ್ರಿಗೆ ಹೋದ್ರ ಕೂಸು ಕಸ್ಕೋತಾರ' ಎಂದು ಹೆದರಿಸುವ ಅತ್ತೆ ಮಾವಂದಿರಿಗೆ ಇದನ್ನು ಓದಿ ಹೇಳಬೇಕು.

ನಮ್ಮ ಹುಡುಗಿಗೆ ಆ ಹತ್ತು ಪ್ರಶ್ನೆ ನಾನೇ ಕೇಳಿದೆ. ಅಂಕ ಕೂಡಿಸುವ ಮೊದಲೇ ಇಬ್ಬರಿಗೂ ಗೊತ್ತಾಗಿತ್ತು. ಡಾಕ್ಟರ್ ಗುಳಿಗೆ ಬರೆದರು, ಹಾಲು ಬಿಡಿಸುವುದು ಬೇಡ ಅಂದರು, ಎರಡು ವಾರಕ್ಕೆ ಮತ್ತೆ ಬರಲು ಹೇಳಿದರು. ಅಳಿಯನಿಗೆ ಫೋನ್ ಮಾಡಿ ರಜೆ ಹಾಕಿ ಬಾ ಅಂದೆ. ನಾಲ್ಕು ದಿನ ಕೇಳಿದ್ದಕ್ಕೆ ಎರಡು ದಿನ ಬಂದ.

42ನೇ ದಿನ ಆಶಾ ಕಾರ್ಯಕರ್ತೆ ಬಂದರು. ಜೋಳಿಗೆಯ ತಕ್ಕಡಿಯಲ್ಲಿ ಕೂಸನ್ನು ತೂಗಿ, ಜ್ವರ ನೋಡಿ, ಫಾರ್ಮ್ ತುಂಬಿ, ಸಹಿ ಹಾಕಿಸಿಕೊಂಡರು. "ಇನ್ನ ನಂದು ಬರೋದಿಲ್ಲ ನೋಡವ್ವ, ಇದು ಆಖರಿ," ಎಂದು ಚೀಲಕ್ಕೆ ಪೆನ್ನು ಹಾಕಿದರು.

"ಅಕ್ಕೋರ, ಚಾ ಕುಡದು ಹೋಗ್ರಿ. ಜರಾ ಕೂಡ್ರಿ," ಅಂದಳು ನಮ್ಮ ಹುಡುಗಿ.

ಅವರು ಗಡಿಯಾರ ನೋಡಿದರು. ಓಣಿಯಲ್ಲಿ ಇನ್ನೂ ಮೂರು ಮನೆ ಇದ್ದವಂತೆ. ಚಪ್ಪಲಿ ಬಿಟ್ಟು ಒಳಗೆ ಬಂದು ಹೊರಸಿನ ಅಂಚಿಗೆ ಕೂತರು. ನಾನು ಚಹಾಕ್ಕಿಡಲು ಎದ್ದೆ.